ಸಹಿಯ ಸರದಿ

ಗುರುಸಿದ್ದಯ್ಯನವರ ಸಹಿಗಿಂತ ಮೊದಲು ಯಾರ ಸಹಿಯೂ ಬೀಳಕೂಡದು. ರಾಜಾಜಿನಗರದಿಂದ ಕೆಂಗೇರಿಯವರೆಗಿನ ನಾಲ್ಕು ಸರ್ಕಾರಿ ಶಾಲೆಗಳ ಆಡಳಿತ ನಿಂತಿದ್ದು ಈ ಒಂದು ತತ್ವದ ಮೇಲೆ. ರಾಜ್ಯದ ಹೆಸರು ಬದಲಾಗಿತ್ತು, ತುರ್ತುಪರಿಸ್ಥಿತಿ ಬಂದು ವರ್ಷ ಕಳೆದಿತ್ತು. ತತ್ವ ಮಾತ್ರ ಅಲುಗಾಡಿರಲಿಲ್ಲ.

ಆ ಮಂಗಳವಾರ ಬೆಳಿಗ್ಗೆ ಗುರುಸಿದ್ದಯ್ಯನವರು ರಾಜಾಜಿನಗರದ ತಮ್ಮ ಕೋಣೆಯಲ್ಲಿ ಸುತ್ತೋಲೆಗೆ ಸಹಿ ಹಾಕಿ, ಮೊಹರು ಒತ್ತಿ, ಶಾಯಿ ಆರಲೆಂದು ಬಾಯಿಂದ ಗಾಳಿ ಊದುತ್ತಿದ್ದಾಗ ಬಾಗಿಲಲ್ಲಿ ಸತ್ಯವತಿ ನಿಂತಿದ್ದಳು. ಅವಳು ಬ್ಯಾಡರಹಳ್ಳಿ ಶಾಲೆಯ ಹೆಡ್‌ಮಿಸ್ಸು. ನಾಲ್ಕು ಶಾಲೆಗಳ ಮುಖ್ಯಸ್ಥರಲ್ಲಿ ಕಿರಿಯಳು, ಆದ್ದರಿಂದ ಸರದಿಯಲ್ಲಿ ಕೊನೆಯವಳು.

"ಬರ್ರಿ ಮೇಡಂ, ಕುಂದರ್ರಿ," ಎಂದರು ಗುರುಸಿದ್ದಯ್ಯ. ರಾಣೆಬೆನ್ನೂರು ಬಿಟ್ಟು ಇಪ್ಪತ್ತು ವರ್ಷವಾಗಿದ್ದರೂ ಮಾತನ್ನು ಅಲ್ಲಿಯೇ ಇಟ್ಟುಕೊಂಡಿದ್ದರು. "ಏನು, ಇಷ್ಟು ದೂರ?"

"ಉಪ್ಪಿಟ್ಟಿನ ತರಬೇತಿ ಸುತ್ತೋಲೆ ಬಂದಿದೆಯಂತೆ ಸಾರ್."

"ಬಂದೈತಿ. ನಿಮ್ಮ ಪಾಳಿ ಬಂದಿಲ್ಲ."

ಪಾಳಿ ಎಂದರೆ ಹೀಗೆ. ಹಾಳೆ ಮೊದಲು ರಾಜಾಜಿನಗರದ ಗುರುಸಿದ್ದಯ್ಯನವರಿಗೆ, ಅಲ್ಲಿಂದ ಕೆಂಗೇರಿಯ ಯಶೋದಮ್ಮನವರಿಗೆ, ಮತ್ತೆ ಹಿಂದಕ್ಕೆ ಬಸವೇಶ್ವರನಗರದ ಶಂಭುಲಿಂಗಪ್ಪನವರಿಗೆ, ಕಡೆಗೆ ಬ್ಯಾಡರಹಳ್ಳಿಗೆ. ಬಸವೇಶ್ವರನಗರ ರಾಜಾಜಿನಗರದ ಪಕ್ಕದಲ್ಲೇ ಇತ್ತು. ಆದರೆ ಸರ್ವೀಸಿನಲ್ಲಿ ಯಶೋದಮ್ಮ ಶಂಭುಲಿಂಗಪ್ಪನವರಿಗಿಂತ ಹಿರಿಯರು. ಹಾಗಾಗಿ ಹಾಳೆ ಕೆಂಗೇರಿಗೆ ಹೋಗಿಯೇ ಪಕ್ಕದ ಬೀದಿಗೆ ಬರಬೇಕು. ಹೊರುವವನು ಜವಾನ ವೆಂಕಟಗಿರಿ, ಸೈಕಲ್ ಮೇಲೆ, ಶನಿವಾರಗಳಂದು ಮಾತ್ರ.

ಹೋದ ವರ್ಷ ತರಬೇತಿಯ ದಿನ ಬಂದಾಗ ಹಾಳೆ ಮೂರು ಸಹಿ ಹೊತ್ತು ಬಸವೇಶ್ವರನಗರದಲ್ಲಿತ್ತು. ರಾಜಾಜಿನಗರದಲ್ಲಿದ್ದ ಶಿಕ್ಷಣ ಇಲಾಖೆಯ ರೇಂಜ್ ಕಚೇರಿಯವರು ಅಲ್ಲಿಂದಲೇ ತರಿಸಿಕೊಂಡರು. ಸುದ್ದಿ ಕೇಳಿ ಸತ್ಯವತಿಯೂ ಹೋಗಿದ್ದಳು. ಗುಮಾಸ್ತ ಹಾಳೆ ನೋಡಿ, "ನಿಮಗೆ ವಿಷಯ ಗೊತ್ತೇ ಇಲ್ಲವಲ್ಲಮ್ಮ, ಇಲ್ಲಿ ಸಹಿ ಇಲ್ಲ," ಎಂದು ವಾಪಸು ಕಳಿಸಿದ್ದ. ತರಬೇತಿ ಪಡೆಯದ ಹೆಡ್‌ಮಾಸ್ಟರಿಗೆ ರವೆ ಮೂಟೆ ಕೊಡಬಾರದೆಂಬುದು ನಿಯಮ. ಮೂರು ಶಾಲೆಗಳ ಮಕ್ಕಳು ವರ್ಷವಿಡೀ ಉಪ್ಪಿಟ್ಟು ತಿಂದರು. ಬ್ಯಾಡರಹಳ್ಳಿಯಲ್ಲಿ ಮಧ್ಯಾಹ್ನದ ಗಂಟೆ ಹೊಡೆದರೆ ಅರ್ಧ ಶಾಲೆ ತಾಯಂದಿರು ಕೂಲಿಗೆ ಹೋದ ಹೊಲಗಳ ಕಡೆ ಹೊರಟುಬಿಡುತ್ತಿತ್ತು. ಎರಡು ಗಂಟೆಗೆ ಹಾಜರಿ ಕೂಗಿದರೆ ಉತ್ತರ ಕೊಡುವುದು ಬಹುಪಾಲು ಗೋಡೆಯೇ.

"ತರಬೇತಿ ಯಾವತ್ತು ಸಾರ್?"

"ನಾಡಿದ್ದು ಗುರುವಾರ. ಹಾಳಿ ಇವತ್ತು ಸಂಜೀಕ ಕಚೇರಿ ಮುಟ್ಟಬೇಕಂತ ಬರದಾರ. ಅವ್ರೇನು, ಬರೀತಾರ." ಅವರು ಹಾಳೆಯನ್ನು ಡ್ರಾಯರಿಗೆ ಸರಿಸತೊಡಗಿದರು. "ವೆಂಕಟಗಿರಿ ಶನಿವಾರ ಒಯ್ತಾನ."

"ನಾನೇ ತಗೊಂಡು ಹೋಗ್ತೀನಿ ಸಾರ್. ನಿಮ್ಮ ಸರದಿ ಪ್ರಕಾರನೇ. ಒಂದು ಹೆಸರೂ ಹಿಂದೆಮುಂದೆ ಮಾಡಲ್ಲ."

ಡ್ರಾಯರು ಅರ್ಧಕ್ಕೆ ನಿಂತಿತು. "ಹೆಡ್ ಮೇಡಂ ಆಗಿ ಜವಾನನ ಕೆಲಸ ಮಾಡ್ತೀರೇನು? ನೋಡಿದವ್ರು ಏನಂದಾರು?"

"ಜವಾನನೇ ಒಯ್ಯಬೇಕು ಅಂತ ನಿಯಮ ಇದೆಯಾ ಸಾರ್?"

ನಿಯಮವೆಂದರೆ ಗುರುಸಿದ್ದಯ್ಯನವರಿಗೆ ಪ್ರಾಣ. ಅವರು ಕಣ್ಣು ಮುಚ್ಚಿ ನೆನಪಿನಲ್ಲಿದ್ದ ನಿಯಮಗಳನ್ನೆಲ್ಲ ಒಂದು ಸುತ್ತು ಹಾಕಿಬಂದರು. ಅವರ ಬೆನ್ನ ಹಿಂದಿನ ಗೋಡೆಯಲ್ಲಿ 'ಮಾತು ಕಡಿಮೆ, ದುಡಿಮೆ ಹೆಚ್ಚು' ಎಂಬ ಫಲಕವಿತ್ತು.

"ಇಲ್ಲ," ಎಂದರು ಕೊನೆಗೆ, ನಿಯಮ ಮಾಡಿದವರ ಮೇಲೆ ಮೊದಲ ಬಾರಿಗೆ ಬೇಸರಗೊಂಡವರಂತೆ. "ಒಯ್ರಿ. ಆದ್ರ ಪ್ರತಿಯೊಂದು ಸಹಿಗೂ ಆ ಸಾಲಿಯೊಳಗ ಮೊಹರು ಬೀಳಬೇಕು. ಮೊಹರು ಸಾಲಿ ಹೊಸ್ತಿಲ ದಾಟೂಹಂಗಿಲ್ಲ. ನಿಮ್ಮದೂ ಅಷ್ಟ."

ಮಾರ್ಕೆಟ್ಟಿನಲ್ಲಿ ಬಸ್ಸು ಬದಲಿಸಿ ಸತ್ಯವತಿ ಕೆಂಗೇರಿ ತಲುಪುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಶಾಲೆಗೆ ಯಾರೂ ದಾರಿ ತೋರಿಸಬೇಕಾಗಲಿಲ್ಲ. ಬಸ್ ಸ್ಟಾಪಿಗೇ ಒಗ್ಗರಣೆಯ ವಾಸನೆ ಬರುತ್ತಿತ್ತು. ಯಶೋದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಸೌಟು ಹಿಡಿದು, ಸಾಲುಗಟ್ಟಿ ಕೂತ ಮಕ್ಕಳಿಗೆ ತಾವೇ ಬಡಿಸುತ್ತಿದ್ದರು.

"ಅಯ್ಯೋ, ಇದೇನ್ರಮ್ಮ ನೀವ್ ತಂದ್ರಿ? ವೆಂಕಟಗಿರಿ ಸತ್ನಾ?"

"ಚೆನ್ನಾಗಿದಾನೆ. ಶನಿವಾರ ಸೈಕಲ್ ಹತ್ತುತ್ತಾನೆ."

"ಅವನು ಹತ್ತೋದೇ ಒಂದು, ಇಳಿಯೋದೇ ಒಂದು. ಹೋದ್ಸಲ ಪಂಕ್ಚರ್ ಅಂತ ಇಲ್ಲೇ ಎರಡು ತಟ್ಟೆ ಹೊಡೆದು ಮಲಗಿಬಿಟ್ಟ. ಬನ್ನಿ, ಮೊದ್ಲು ತಿನ್ನಿ."

"ಸಹಿ ಮಾಡಿಬಿಡಿ ಯಶೋದಮ್ಮೋರೆ. ಸಂಜೆಯೊಳಗೆ ಇದು ಕಚೇರಿಗೆ ಹೋಗಬೇಕು."

"ಉಪ್ಪಿಟ್ಟಿನ ಹಾಳೆ ಹಿಡ್ಕೊಂಡು ಬಂದು ಉಪ್ಪಿಟ್ಟು ಬೇಡ ಅಂತೀರಲ್ಲ, ಎಂಥಾ ಹೆಂಗಸು ಕಣಮ್ಮ ನೀವು!" ಎನ್ನುತ್ತ ಯಶೋದಮ್ಮ ಕೈ ತೊಳೆಯಲು ಹೋದರು.

ಸತ್ಯವತಿ ಕಂಬಕ್ಕೊರಗಿ ನಿಂತಳು. ಎದುರಿಗೆ ಒಬ್ಬಳು ಹುಡುಗಿ ಮುತ್ತುಗದ ಎಲೆಯಲ್ಲಿದ್ದುದರಲ್ಲಿ ಅರ್ಧ ತಿಂದು, ಉಳಿದರ್ಧವನ್ನು ಬೆರಳಿನಿಂದ ಒಂದು ಬದಿಗೆ ಒತ್ತಿ ಗುಡ್ಡೆ ಮಾಡಿ, ಎಲೆ ಮಡಚಿ ಲಂಗದ ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ ಅಕ್ಕಪಕ್ಕ ನೋಡಿ, ಮಡಿಕೆ ಬಿಚ್ಚಿ, ಇನ್ನೊಂದು ತುತ್ತು ತಿಂದು ಮತ್ತೆ ಮಡಚಿದಳು. ಯಶೋದಮ್ಮ ಮೊಹರು ಒತ್ತಿದ ಹಾಳೆ ತಂದು ಕೊಟ್ಟಾಗ ಸತ್ಯವತಿ ಅದನ್ನು ಈಸಿಕೊಂಡು ಬಸ್ಸಿಗೆ ಓಡಿದಳು.

ಬಸವೇಶ್ವರನಗರದ ಶಂಭುಲಿಂಗಪ್ಪನವರು ಹಾಳೆಯನ್ನು ಆದರದಿಂದಲೇ ಬರಮಾಡಿಕೊಂಡರು. ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು. ಪೆನ್ನಿನ ಮುಚ್ಚಳ ತಿರುಗಿಸುತ್ತ ಗೋಡೆ ಗಡಿಯಾರದ ಕಡೆ ಕಣ್ಣೆತ್ತಿದವರು, ತಿರುಗಿಸಿದ ಮುಚ್ಚಳವನ್ನು ಮತ್ತೆ ಹಿಂದಕ್ಕೆ ತಿರುಗಿಸಿದರು.

"ಮೂರು ದಾಟಿಬಿಡ್ತಲ್ಲಮ್ಮ. ಮಂಗಳವಾರ, ರಾಹುಕಾಲ. ನಾಲ್ಕೂವರೆಗೆ ಮಾಡಿಕೊಡ್ತೀನಿ. ಕೂತ್ಕೊಳ್ಳಿ, ಕಾಫಿ ತರಿಸ್ತೀನಿ."

ನಾಲ್ಕೂವರೆಗೆ ಇಲ್ಲಿಂದ ಹೊರಟರೆ ಬ್ಯಾಡರಹಳ್ಳಿಗೆ ಹೋಗಿ ಮೊಹರು ಒತ್ತಿ ವಾಪಸು ಬರುವಷ್ಟರಲ್ಲಿ ಕಚೇರಿಗೆ ಬೀಗ ಬಿದ್ದಿರುತ್ತದೆ. ಸತ್ಯವತಿ ಕೂರಲಿಲ್ಲ.

"ರಾಹುಕಾಲದಲ್ಲಿ ಏನು ಮಾಡಬಾರದು ಸಾರ್?"

"ಹೊಸ ಕೆಲಸ ಶುರು ಮಾಡಬಾರದು. ನಿಮ್ಮ ಮನೇಲಿ ಹೇಳಿಕೊಟ್ಟಿಲ್ವಾ?"

"ಹೇಳಿಕೊಟ್ಟಿದಾರೆ. ಶುರುವಾಗಿದ್ದನ್ನ ನಿಲ್ಲಿಸಬಾರದು ಅಂತಾನೂ ಹೇಳಿಕೊಟ್ಟಿದಾರೆ. ಈ ಕೆಲಸ ಬೆಳಿಗ್ಗೆ ಗುರುಸಿದ್ದಯ್ಯನವರ ಮೇಜಿನ ಮೇಲೆ ಶುರುವಾಯ್ತು ಸಾರ್. ಕೆಂಗೇರಿಗೂ ಹೋಗಿ ಬಂತು. ನೀವು ಮಧ್ಯದಲ್ಲಿದ್ದೀರಿ."

"ಕೆಲಸ ಹಳೇದಿರಬಹುದು, ನನ್ನ ಸಹಿ ಹೊಸದಲ್ವೇನಮ್ಮ?"

"ಈಗ ನಿಮ್ಮ ಮಕ್ಕಳಿಗೆ ಪಾಠ ನಡೀತಿದೆ. ಬೆಳಿಗ್ಗೆ ಶುರುವಾಗಿದ್ದು. ಮೂರು ಗಂಟೆಗೆ ನಿಲ್ಲಿಸಿದ್ರಾ?"

ಪಕ್ಕದ ಕೊಠಡಿಯಿಂದ ಮಗ್ಗಿ ಜೋರಾಗಿ ಕೇಳಿಸುತ್ತಿತ್ತು. ಶಂಭುಲಿಂಗಪ್ಪನವರು ಅದನ್ನು ಈಗಷ್ಟೇ ಕಂಡುಹಿಡಿದವರಂತೆ ಹದಿಮೂರರ ಮಗ್ಗಿ ಮುಗಿಯುವವರೆಗೂ ಆಲಿಸಿದರು.

"ಆಗಲ್ಲ ಅಂದ್ರೆ ಏನು ಮಾಡ್ತೀರಿ?"

"ಇಲ್ಲೇ ನಿಂತಿರ್ತೀನಿ. ಹೋದ ವರ್ಷ ನನ್ನ ಮಕ್ಕಳು ನಿಮ್ಮ ಬೀರುವಿಂದ ಹಾಳೆ ಬರಲಿಲ್ಲ ಅಂತ ಹಸಿದುಕೊಂಡಿದ್ರು ಸಾರ್. ಈ ವರ್ಷ ಆ ತಪ್ಪನ್ನ ರಾಹು ಮೇಲೆ ಹೊರಿಸೋದು ನನಗಿಷ್ಟ ಇಲ್ಲ."

ಅವರ ಕಿವಿ ಕೆಂಪಗಾಯಿತು. ಪಂಚಾಂಗವನ್ನು ಮಗುಚಿಹಾಕಿ, ಹಾಳೆಯನ್ನು ಎಳೆದುಕೊಂಡು ಸಹಿ ಹಾಕಿದರು. ಮುನ್ನೆಚ್ಚರಿಕೆಯಾಗಿ ಸಹಿಯ ನೆತ್ತಿಗೆ ಒಂದು 'ಶ್ರೀ' ಬರೆದರು. "ನಿಮ್ಮ ನಾಲಗೆಗೂ ಒಂದು ಮೊಹರು ಬೇಕು ಕಣಮ್ಮ," ಎಂದು ಗೊಣಗುತ್ತ ಶಾಲೆಯ ಮೊಹರನ್ನು ಅಗತ್ಯಕ್ಕಿಂತ ಜೋರಾಗಿ ಒತ್ತಿದರು.

ಮಾಗಡಿ ರಸ್ತೆಯಲ್ಲಿ ಬಸ್ಸಿನ ಸುಳಿವಿರಲಿಲ್ಲ. ಮಾರ್ಕೆಟ್ಟಿಗೆ ಸೊಪ್ಪು ಇಳಿಸಿ ಖಾಲಿ ಬುಟ್ಟಿಗಳೊಡನೆ ಮರಳುತ್ತಿದ್ದ ಮೆಟಡೋರಿಗೆ ಸತ್ಯವತಿ ಕೈ ಅಡ್ಡ ಹಿಡಿದಳು. ಡ್ರೈವರು ಮರಿಯಪ್ಪ ಬ್ಯಾಡರಹಳ್ಳಿಯವನೇ. ಅವನ ಇಬ್ಬರು ಮಕ್ಕಳು ಅವಳ ಶಾಲೆಯಲ್ಲಿದ್ದರು.

"ಮೇಡಮ್ಮೋರು ಬುಟ್ಟಿ ಗಾಡೀಲಾ? ಏನ್ಸಮಾಚಾರ?"

"ನಡಿಯಪ್ಪ, ಹೇಳ್ತೀನಿ. ನಾನು ಒಳಗೆ ಹೋಗಿ ಒಂದು ಸಹಿ ಮಾಡೋ ತನಕ ಇಂಜಿನ್ ಆಫ್ ಮಾಡಬೇಡ. ಆಮೇಲೆ ನನ್ನ ರಾಜಾಜಿನಗರಕ್ಕೆ ಬಿಡ್ಬೇಕು."

"ಈಗ ತಾನೇ ಆ ಕಡೆಯಿಂದ ಬಂದ್ನಲ್ಲಮ್ಮ!"

"ನಾನೂ ಬೆಳಿಗ್ಗೆಯಿಂದ ಆ ಕಡೆ ಈ ಕಡೆ ಓಡಾಡ್ತಾನೇ ಇದೀನಿ ಕಣಪ್ಪ."

ಬ್ಯಾಡರಹಳ್ಳಿಯಲ್ಲಿ ಅವಳು ಶಾಲೆಯೊಳಗೆ ಹೋಗಿ, ಮೊಹರನ್ನು ಹೊಸ್ತಿಲು ದಾಟಿಸದೆ ಒತ್ತಿ, ಮೂವರು ಹಿರಿಯರ ಕೆಳಗೆ ತನ್ನ ಹೆಸರು ಬರೆದು ಬಂದಾಗ ಮರಿಯಪ್ಪ ಗಾಡಿ ತಿರುಗಿಸಿ ನಿಲ್ಲಿಸಿದ್ದ.

ರೇಂಜ್ ಕಚೇರಿಯಲ್ಲಿ ಗುಮಾಸ್ತ ಚೀಲ ಹೆಗಲಿಗೇರಿಸಿಕೊಂಡು ಕಿಟಕಿ ಮುಚ್ಚುತ್ತಿದ್ದ. ಸತ್ಯವತಿ ಹಾಳೆಯನ್ನು ಅವನ ಮೇಜಿನ ಮೇಲಿಟ್ಟು, ಅದರ ಮೇಲೆ ಕೈಯಿಟ್ಟು ನಿಂತಳು. ಅವನು ಸಹಿಗಳನ್ನು ಮೇಲಿನಿಂದ ಕೆಳಕ್ಕೆ ನೋಡಿದ. ಕೆಳಗಿನಿಂದ ಮೇಲಕ್ಕೆ ನೋಡಿದ. ಸರದಿ ಸರಿಯಿತ್ತು, ಮೊಹರುಗಳಿದ್ದವು, ತಾರೀಖೆಲ್ಲ ಒಂದೇ ದಿನದ್ದು.

"ಒಂದೇ ದಿನಕ್ಕೆ ಹೆಂಗ್ರೀ ಸುತ್ತಿಬಂತು?" ಎಂದ, ಕಳ್ಳ ನೋಟು ಕಂಡವನಂತೆ.

"ಸುತ್ತೋಲೆ ಅಲ್ವಾ ಸಾರ್. ಸುತ್ತಿತು."

ಅವನು ಚೀಲ ಕೆಳಗಿಟ್ಟು ಹಾಳೆಯನ್ನು ಫೈಲಿಗೆ ಸೇರಿಸಿದ.

ಗುರುವಾರದ ತರಬೇತಿಗೆ ನಾಲ್ವರೂ ಬಂದರು. ಸರ್ವೀಸಿನ ಪ್ರಕಾರ ಕೂತರು. ಇಲಾಖೆಯಿಂದ ಬಂದ ಅಧಿಕಾರಿಯೊಬ್ಬರು ಉಪ್ಪಿಟ್ಟು ಮಾಡುವ ವಿಧಾನವನ್ನು ಕಪ್ಪು ಹಲಗೆಯ ಮೇಲೆ ಚಿತ್ರ ಬಿಡಿಸಿ ವಿವರಿಸಿದರು. ಯಶೋದಮ್ಮ ನಿದ್ದೆ ಮಾಡಿದರು. ಸತ್ಯವತಿ ಎಲ್ಲವನ್ನೂ ಬರೆದುಕೊಂಡಳು. ಮುಂದಿನ ಸುತ್ತೋಲೆಯನ್ನು ಎಂದಿನಂತೆ ವೆಂಕಟಗಿರಿಯೇ ಒಯ್ಯತಕ್ಕದ್ದೆಂದು ಗುರುಸಿದ್ದಯ್ಯನವರು ಊಟದ ಬಿಡುವಿನಲ್ಲಿ ಸೂಚಿಸಿದರು.

ಆಗಸ್ಟ್ ತಿಂಗಳಿಂದ ಬ್ಯಾಡರಹಳ್ಳಿ ಶಾಲೆಗೂ ರವೆ ಬಂತು.