ಬೂಟಿನೊಳಗಿನ ಕೆಂಪು ಹೊಲಿಗೆ

ಹೇಮಶ್ರೀಗೆ ಹಳೇ ಬೇಸ್‌ಬಾಲ್ ಬೂಟುಗಳ ಹುಚ್ಚು. ಚರ್ಮದ್ದೇ ಆಗಬೇಕು, ಅಡಿಯಲ್ಲಿ ಕಬ್ಬಿಣದ ಮುಳ್ಳಿರಬೇಕು. "ಯಾರೋ ಮೆಟ್ಟಿ ಬಿಟ್ಟಿದ್ದನ್ನ ಮನೆಗೆ ತರ್ತಾಳಲ್ಲಪ್ಪ!" ಎಂದು ಮಂಡ್ಯದಿಂದ ಬಂದಿದ್ದ ಅತ್ತೆ ಗೌರಮ್ಮ ಅವನ್ನು ಹೊಸಿಲು ದಾಟಿಸಲು ಬಿಡಲಿಲ್ಲ. ಹಾಗಾಗಿ ಸ್ಯಾನ್ ಫ್ರಾನ್ಸಿಸ್ಕೋ ಬಳಿಯ ವಾಲ್ನಟ್ ಕ್ರೀಕಿನ ಆ ಮನೆಯ ಗರಾಜೇ ಅವಳ ಕಾರ್ಖಾನೆಯಾಯಿತು. ಒಣಗಿ ಸೆಟೆದ ಚರ್ಮಕ್ಕೆ ಎಣ್ಣೆ ತಿಕ್ಕುವಳು, ಬಿಟ್ಟುಹೋದ ಹೊಲಿಗೆಯನ್ನು ಹಳೇ ತೂತುಗಳಲ್ಲೇ ಹೊಲಿಯುವಳು. ಕೊನೆಗೆ ಲೇಸಿನಡಿ ಬರುವ ಬೂಟಿನ ನಾಲಿಗೆಯ ಒಳಬದಿಗೆ ಒಂದು ಕೆಂಪು ಹೊಲಿಗೆ. ಇದು ರಿಪೇರಿಯಾದದ್ದು ಎಂದು ಕೊಂಡವರಿಗೆ ತಿಳಿಯಲಿ ಎಂದು. ಗಂಡ ಜಗನ್ ಪಕ್ಕದಲ್ಲಿ ಕೂತು ಜೇನುಮೇಣ ಕಾಯಿಸಿ ಕೊಡುತ್ತಿದ್ದ. ಬೇಡದ ತೂತನ್ನು ಮೇಣದಿಂದ ಮುಚ್ಚುವುದನ್ನು ಅವನಿಗೆ ಕಲಿಸಿದವಳೂ ಅವಳೇ.

ಬರ್ಕ್ಲಿಯ ಡೊಲೋರೆಸ್ ಎಂಬ ಮುದುಕಿ ತೀರಿಹೋದ ಗಂಡನ ಬೂಟು ಕೊಟ್ಟಾಗ ಕೇಳಿಕೊಂಡದ್ದು ಒಂದೇ. ಫ್ರ್ಯಾಂಕ್ ದೊಡ್ಡ ಆಟಗಾರನೇನಲ್ಲ, ಹಣ್ಣನ್ನು ಡಬ್ಬಿಗೆ ತುಂಬುವ ಕಾರ್ಖಾನೆಯ ಟೀಮಿನಲ್ಲಿ ಭಾನುವಾರ ಆಡುತ್ತಿದ್ದವನು. ಯಾರ ಬೂಟೆಂದು ಯಾರಾದರೂ ಕೇಳಿದರೆ ಅವನ ಹೆಸರು ಹೇಳಬೇಕು, ಅಷ್ಟೇ. ಹೇಮಶ್ರೀ ಅವಳ ಕೈ ಹಿಡಿದು ಒಪ್ಪಿಕೊಂಡಳು.

ಅದು ಬೀದಿನಾಯಿಗೂ ಒಂದು ಡಾಟ್‌ಕಾಮ್ ಇದ್ದ ಕಾಲ. ಜಗನ್ ಕೂಡ ಕೆಲಸ ಬಿಟ್ಟು, ಹಳೇ ಆಟದ ಸಾಮಾನು ಮಾರುವ ವೆಬ್‌ಸೈಟು ತೆರೆದ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆಫೀಸು, ಪೂಜೆ, ಪಾರ್ಟಿ. "ಫ್ರ್ಯಾಂಕ್ ಬೂಟು ಬರೀ ಶೋಗೆ ಇಡ್ತೀನಿ ಕಣೆ, ಮಾರಲ್ಲ" ಎಂದು ಒಯ್ದ. ಹೇಮಶ್ರೀ ಹಿಗ್ಗಿ ಹೀರೇಕಾಯಿಯಾಗಿ ಡೊಲೋರೆಸ್‌ಳನ್ನೂ ಪಾರ್ಟಿಗೆ ಕರೆದಳು, ಪಾಪ.

ಪಾರ್ಟಿಯ ದಿನ ಬೂಟುಗಳು ಗಾಜಿನ ಪೆಟ್ಟಿಗೆಯಲ್ಲಿದ್ದವು. ಅದರ ಮುಂದೆ ಇಟ್ಟಿದ್ದ ಚೀಟಿಯಲ್ಲಿ ಯಾವನೋ ಹೆಸರಾಂತ ಆಟಗಾರನ ಹೆಸರು. ಅವನು ಕಳಚಿಟ್ಟ ಮೇಲೆ ಯಾರೂ ಇವನ್ನು ಮುಟ್ಟಿಲ್ಲ ಎಂಬ ಒಕ್ಕಣೆ ಬೇರೆ. ಹೇಮಶ್ರೀ ಪೆಟ್ಟಿಗೆ ತೆರೆದು ಬೂಟಿನ ನಾಲಿಗೆ ಎತ್ತಿದಳು. ತಾನು ಹಾಕಿದ್ದ ಕೆಂಪು ಹೊಲಿಗೆ ಇರಲಿಲ್ಲ. ಹೊಲಿಗೆಯ ತೂತುಗಳಿದ್ದಲ್ಲಿ ಉಗುರಾಡಿಸಿದರೆ ಮೇಣ ಸಿಕ್ಕಿತು. ನೀಟಾಗಿ ಮುಚ್ಚಿದ್ದ, ಅವಳು ಕಲಿಸಿದ ಹಾಗೇ. ಬೇರೆ ಯಾರಾದರೂ ಮಾಡಿದ್ದರೆ ಅವಳಿಗೆ ಇಷ್ಟು ನೋಯುತ್ತಿರಲಿಲ್ಲ.

"ಏನಿದು ಜಗನ್?"

"ಒಂದು ದಾರ ತಾನೆ ಹೇಮಾ! ಇನ್ವೆಸ್ಟರ್ಸ್‌ಗೆ ಒಂದು ಸ್ಟೋರಿ ಬೇಕು. ನಮ್ಮಿಬ್ರನ್ನ ಬಿಟ್ರೆ ಇನ್ಯಾರಿಗೆ ಗೊತ್ತಾಗತ್ತೆ?"

ಅವಳು ತಿರುಗಿದಳು. ಹಿಂದೆಯೇ ಡೊಲೋರೆಸ್ ನಿಂತಿದ್ದಳು, ಒಳ್ಳೆಯ ಟೋಪಿ ಹಾಕಿಕೊಂಡು. ಚೀಟಿಯನ್ನು ಎರಡು ಸಲ ಓದಿದಳು. ಜಗನ್‌ನನ್ನು ನೋಡಲೂ ಇಲ್ಲ, ನೋಡಿದ್ದು ಹೇಮಶ್ರೀಯನ್ನು.

"ನಾನು ಕೇಳಿದ್ದು ಅವನ ಹೆಸರೊಂದನ್ನೇ," ಎಂದು ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದಳು.

ನಾನಲ್ಲ, ಇವನು ಎನ್ನಲು ಹೋದ ಹೇಮಶ್ರೀ ಅದನ್ನು ಅಲ್ಲಿಗೇ ಬಿಟ್ಟು ಬೂಟುಗಳನ್ನೆತ್ತಿ ಮುದುಕಿಯ ಕೈಗಿಟ್ಟಳು.

"ಹೇಮಾ, ಎಲ್ರೂ ನೋಡ್ತಿದಾರೆ," ಜಗನ್ ಹಲ್ಲು ಕಿರಿಯುತ್ತಲೇ ಪಿಸುಗುಟ್ಟಿದ.

"ನೋಡ್ಲಿ. ಇದು ಫ್ರ್ಯಾಂಕ್ ಬೂಟು ಅಂತ ಹೇಳು ಅವ್ರಿಗೆ."

ಅವನು ಹೇಳಲಿಲ್ಲ. ಡೊಲೋರೆಸ್ ಬೂಟುಗಳನ್ನು ಎದೆಗವುಚಿಕೊಂಡು ಟ್ರೇನಿನ ಕಡೆ ಹೊರಟಳು. ಹೇಮಶ್ರೀ ಸ್ಟೇಷನ್ನಿನವರೆಗೂ ಹಿಂದೆಯೇ ನಡೆದಳು. ಮುದುಕಿ ಒಮ್ಮೆಯೂ ತಿರುಗಿ ನೋಡಲಿಲ್ಲ.