ಮೀನಿಗೆ ಗಂಜಿ ಉಣಿಸಿದ ಅಧ್ಯಕ್ಷ

ತಿರುಪ್ಪೂರಿನಲ್ಲಿ ನಮ್ಮ ನೇಕಾರರ ಬೀದಿಯ ಹಿಂದೆ ಹರಿಯುವ ಹಳ್ಳಕ್ಕೆ ಒಂದು ಕಾವಲು ಸಂಘ ಉಂಟು. ಅದಕ್ಕೆ ರಾಜಾಮಣಿ, ಅಂದರೆ ನಾನೆಂಬ ಈ ಮಹಾನುಭಾವನೇ ಅಧ್ಯಕ್ಷ. ಯಾರೂ ಆರಿಸಿದ್ದಲ್ಲ. ಕಾವಲಿಗೆಂದು ಸೀಟಿ ಕೊಂಡವನು ನಾನು, ಹಾಗಾಗಿ ಅಧ್ಯಕ್ಷ. ಆದರೂ ಎರಡು ವರ್ಷದಲ್ಲಿ ಪ್ಲಾಸ್ಟಿಕ್ ಹೋಗಿ ಮೀನು ಬಂದವು. ಇನ್ನು ನನ್ನ ತಲೆ ತಿರುಗದೆ ಇರುತ್ತದೆಯೇ?

ಈ ಬೇಸಿಗೆಯಲ್ಲಿ ಹಳ್ಳದ ನೀರು ಹರಿಯದೆ ನಿಂತೇಬಿಟ್ಟಿತು. ಒಂದು ಬೆಳಿಗ್ಗೆ ನೋಡಿದರೆ ಮೀನೆಲ್ಲ ಸತ್ತು ತೇಲುತ್ತಿವೆ! ನನಗೆ ಪರೀಕ್ಷೆ ಗಿರೀಕ್ಷೆ ಬೇಕಾಗಲಿಲ್ಲ. ಬೀದಿಯಲ್ಲಿ ನೂಲಿಗೆ ಬಣ್ಣ ಹಾಕುವವನು ನವನೀತನ್ ಒಬ್ಬನೇ. ಹತ್ತು ಜನರನ್ನು ಕಟ್ಟಿಕೊಂಡು ಅವನ ಶೆಡ್ಡಿಗೆ ನುಗ್ಗಿದೆ.

“ಅಣ್ಣ, ಬಣ್ಣದ ನೀರು ತೊಟ್ಟಿಗೇ ಹೋಗ್ತದೆ. ವಾರಕ್ಕೊಂದ್ಸಲ ಲಾರಿ ಬಂದು ಎತ್ಕೊಂಡು ಹೋಗ್ತದೆ. ಬಂದು ನೋಡಣ್ಣ” ಅಂದ ಪಾಪ.

“ನೋಡೋದೇನು? ಮೀನು ಸುಳ್ಳು ಹೇಳ್ತವಾ?” ಅಂದೆ. ಆಹಾ, ಎಂಥ ಮಾತು! ಜನ ಚಪ್ಪಾಳೆ ತಟ್ಟಿದರು. ಆ ಹುರುಪಿನಲ್ಲಿ ನಾನೇ ಶೆಡ್ಡಿಗೆ ಬೀಗ ಜಡಿದೆ. ಆ ಮನೆಯ ಒಲೆ ಉರಿಯುವುದು ಆ ಶೆಡ್ಡಿನಿಂದಲೇ. ಅವನ ತಾಯಿ ಕಮಲಾತಾಳ್ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಮೂರನೆಯ ದಿನ ಸುಗನ್ಯಾ ಬಂದಳು. ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುವ, ನಮ್ಮ ಬೀದಿಯದೇ ಹುಡುಗಿ. ಹಳ್ಳದ ನೀರು ಪರೀಕ್ಷಿಸಿದ್ದಳು.

“ಮಾವ, ನೀರಲ್ಲಿ ಬಣ್ಣ ಇಲ್ಲ, ಗಂಜಿ ಐತೆ. ನಿಂತ ನೀರಲ್ಲಿ ಗಂಜಿ ಕೊಳೆತ್ರೆ ಮೀನಿಗೆ ಉಸಿರಾಡಕ್ಕೆ ಗಾಳಿ ಉಳಿಯಲ್ಲ. ಇಷ್ಟೊಂದು ಗಂಜಿ ಯಾರು ಸುರಿದ್ರು?”

ಸುರಿದವನು ಯಾರೆಂದು ನನಗೆ ಗೊತ್ತಿತ್ತು. ಮಗ್ಗಕ್ಕೆ ಏರಿಸುವ ನೂಲಿಗೆ ಗಟ್ಟಿಯಾಗಲೆಂದು ಹಚ್ಚಿ ಉಳಿದ ಅಕ್ಕಿ ಗಂಜಿಯನ್ನು ಮೊದಲೆಲ್ಲ ಬೀದಿಯ ಎಮ್ಮೆಗಳು ಕುಡಿಯುತ್ತಿದ್ದವು. ಈಗ ಎಮ್ಮೆಗಳಿಲ್ಲ. ಅನ್ನದ ಪದಾರ್ಥ ಕಾಲಿಗೆ ಸಿಕ್ಕಬಾರದು, ನೀರಿಗೇ ಸೇರಬೇಕು ಎಂಬುದು ನಮ್ಮ ಹಿರಿಯರ ಮಾತು. ಒಬ್ಬೊಬ್ಬರು ಒಂದೊಂದು ಕಡೆ ಚೆಲ್ಲಿದರೆ ಶಿಸ್ತು ಎಲ್ಲಿ ಉಳಿಯಿತು? ಅದಕ್ಕೇ ಅಧ್ಯಕ್ಷರು ಇಡೀ ಬೀದಿಯ ಗಂಜಿಯನ್ನು ಡ್ರಮ್ಮಿಗೆ ತುಂಬಿಸಿ, ವಾರವಾರ ಸ್ವಂತ ಕೈಯಿಂದ ಹಳ್ಳಕ್ಕೆ ಸುರಿಯುತ್ತಿದ್ದರು. ಮೀನಿಗೆ ಊಟ ಹಾಕಿದ ಪುಣ್ಯವೆಂದು ಕೈ ಬೇರೆ ಮುಗಿಯುತ್ತಿದ್ದರು. ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಸಂಜೆ ಬೀಗದಕೈ ಹಿಡಿದು ನವನೀತನ್ ಮನೆಗೆ ಹೋದೆ. ಅವನು ಬೇರೆ ಬೀದಿಯಲ್ಲಿ ಇನ್ನೊಬ್ಬರ ಶೆಡ್ಡಿಗೆ ಕೂಲಿಗೆ ಹೋಗಿದ್ದ. ಕಮಲಾತಾಳ್ ಮುಂದೆ ತಲೆ ತಗ್ಗಿಸಿ ನಿಂತೆ.

“ಅತ್ತೆ, ತಪ್ಪು ನಂದು. ಗಂಜಿ ಸುರ್ದು ಮೀನು ಕೊಂದವ ನಾನೇ” ಅಂದೆ. ನಾಚಿಕೆಯಿಂದ ಅಳುವೇ ಬಂತು.

ಅವರು ಬೀಗದಕೈ ಮುಟ್ಟಲಿಲ್ಲ.

“ನನ್ನ ಮಗನ್ನ ಬೈಯಕ್ಕೆ ಹತ್ತು ಜನ ಕರ್ಕೊಂಡು ಬಂದೆ. ತಪ್ಪಾಯ್ತು ಅನ್ನಕ್ಕೆ ಮಾತ್ರ ಒಬ್ನೇ ಬಂದ್ಯಾ, ರಾಜಾಮಣಿ?”

 ಬೀದಿಗಿಳಿದು, ಅಂದು ನನ್ನ ಜೊತೆ ಬಂದ ಹತ್ತು ಜನರಲ್ಲಿ ಮೊದಲನೆಯವನ ಬಾಗಿಲು ತಟ್ಟಿದೆ. ಇನ್ನೂ ಒಂಬತ್ತು ಬಾಗಿಲುಗಳಿದ್ದವು.