ಬೆಂಕಿಪೊಟ್ಟಣದಲ್ಲಿ ಮುಕ್ಕಾಲು ಗ್ರಾಂ

ದೀಪದ ಕೆಳಗೆ ಹಿಡಿದ ಕಾಲುಚೀಲದ ಹಿಮ್ಮಡಿಯಲ್ಲಿ ಒಂದೇ ಒಂದು ಗುಂಜೂ ಇರಲಿಲ್ಲ. ಸೊಸೆ ಅದನ್ನು ಮಗುಚಿ ಬೆರಳಿನ ಕಡೆ ನೋಡಿದಳು, ಅಂಗಾಲು ನೋಡಿದಳು. ಎಲ್ಲೆಲ್ಲೂ ನುಣುಪು. ಎರಡು ತಿಂಗಳು ತೊಟ್ಟು ನಡೆದ ಕಾಲುಚೀಲ ಹೀಗಿರುವುದುಂಟೆ?

ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ಅವಳಿಗೆ ಏಳು ವರ್ಷದ ಅನುಭವ. ಉಜ್ಜಾಟಕ್ಕೆ ಬಟ್ಟೆಯ ಮೇಲೇಳುವ ನೂಲಿನ ಪುಟ್ಟ ಉಂಡೆಗಳನ್ನು ಅಲ್ಲಿ ಗುಂಜು ಎನ್ನುತ್ತಿದ್ದರು. ಗೋಡೆಗೆ ಐದು ಫೋಟೋ ಅಂಟಿಸಿದ್ದರು. ಐದನೆಯದು ಈಗಷ್ಟೇ ಹೆಣೆದಂಥದ್ದು, ಒಂದನೆಯದು ಮೈತುಂಬ ಸಿಡುಬೆದ್ದಂಥದ್ದು. ಬಂದ ಮಾಲನ್ನು ಇವುಗಳ ಪಕ್ಕ ಹಿಡಿದು ಅಂಕ ಕೊಡಬೇಕು. ಈ ಹೊಸ ನೂಲಿಗೆ ಯಂತ್ರದಲ್ಲಿ ಉರುಳಿಸಿದಾಗ ಬಂದದ್ದು ಎರಡು. ಮನುಷ್ಯರ ಕಾಲಿನಲ್ಲಿ ಹೇಗೋ ನೋಡೋಣವೆಂದು ಒಬ್ಬ ಅಂಚೆಯವನೂ ಸೇರಿ ಹತ್ತು ಮಂದಿಗೆ ಕೊಟ್ಟಿದ್ದರು. ಹೆಚ್ಚು ನಡೆಯುವವರು ಬೇಕು ಎಂದಾಗ ಅವಳೇ ಹೆಮ್ಮೆಯಿಂದ ತನ್ನ ಅತ್ತೆಯ ಹೆಸರು ಬರೆಸಿದ್ದಳು.

ಕೋಣೆಯ ಮೇಲ್ವಿಚಾರಕಿ ಹಿಂದಿನಿಂದ ಬಂದು ಬಗ್ಗಿದಳು. ಎಲ್ಲರೂ ಭೂತಗನ್ನಡಿ ಎಂದು ಕರೆಯುತ್ತಿದ್ದ ಹೆಂಗಸು. ಎದುರಿಗೆ ಕರೆದರೂ ಬೇಜಾರಿಲ್ಲ.

"ಇದು ನಾಲ್ಕೂವರೆ ಕಣಮ್ಮಾ. ನಿಮ್ಮತ್ತೆ ಇದನ್ನ ಹಾಕ್ಕೊಂಡು ನಡೆದ್ರಾ, ಇಲ್ಲ ಎದುರಿಗೆ ಇಟ್ಕೊಂಡು ಕಥೆ ಹೇಳ್ತಾ ಕೂತಿದ್ರಾ?"

ಸೊಸೆ ನಗಲಿಲ್ಲ. ಪುಸ್ತಕದಲ್ಲಿ ನಾಲ್ಕೂವರೆ ಎಂದು ಬರೆದಳು. ಪೆನ್ನು ಹಾಳೆಗೆ ಚುಚ್ಚಿ ಮುಂದಿನ ಪುಟದಲ್ಲೂ ಮೂಡಿತು.

ಅವಳ ಗಂಡನಿಗೆ ಎರಡೂ ಕಿಡ್ನಿ ಕೈಕೊಟ್ಟು ವರ್ಷವಾಗಿತ್ತು. ವಾರಕ್ಕೆ ಮೂರು ದಿನ ಆಸ್ಪತ್ರೆಯ ಯಂತ್ರವೇ ಅವನ ರಕ್ತ ತೊಳೆಯಬೇಕು. ಸೊಸೆಯ ಕಿಡ್ನಿ ಹೊಂದಲಿಲ್ಲ. ತಾಯಿಯದು ಅಚ್ಚು ಹಾಕಿದಂತೆ ಹೊಂದಿತು. ಅಡ್ಡ ಬಂದದ್ದು ತೂಕ.

"ಐದಡಿ ಒಂದಂಗುಲ ಎತ್ತರಕ್ಕೆ ಎಂಬತ್ತೊಂದು ಕಿಲೋ ಜಾಸ್ತಿ ಆಯ್ತಮ್ಮಾ," ಎಂದಿದ್ದರು ಡಾಕ್ಟರು. "ಎಪ್ಪತ್ತೆರಡಕ್ಕೆ ಇಳೀರಿ. ನಾಲ್ಕು ತಿಂಗಳು ಕಾಯ್ತೀನಿ."

"ನನಗೇನೂ ಭಾರ ಅನಿಸಲ್ವಲ್ಲ ಡಾಕ್ಟ್ರೇ?"

"ನಿಮಗೆ ಅನಿಸಲ್ಲ. ನಿಮ್ಮಲ್ಲಿ ಉಳಿಯೋ ಒಂದೇ ಕಿಡ್ನಿಗೆ ಅನಿಸುತ್ತೆ."

"ಹಾಗಾದ್ರೆ ಇವತ್ತಿಂದ ಊಟಾನೇ ಬಿಡ್ತೀನಿ."

"ಬಿಡಬೇಡಿ. ಉಪವಾಸ ಬಿದ್ದು ಇಳಿಸಿದ ತೂಕ ನನಗೆ ಬೇಡ. ಹಿತವಾಗಿ ಉಣ್ಣಿ, ಚೆನ್ನಾಗಿ ನಡೀರಿ."

ಮಗ ಯಂತ್ರಕ್ಕೆ ಮೈಯೊಡ್ಡಿ ಮಲಗುವ ನಾಲ್ಕು ಗಂಟೆ ಕಾಲ ಅತ್ತೆ ಆಸ್ಪತ್ರೆಯ ಕಟ್ಟಡವನ್ನೇ ಸುತ್ತತೊಡಗಿದಳು. ಉಳಿದ ದಿನ ಮನೆಯ ಹಿಂದಿನ ಬೀದಿ. ಸೊಸೆಗೆ ಆ ಹೊತ್ತು ಕೆಲಸ, ಯಂತ್ರದ ಕೋಣೆಗೆ ಕಿಟಕಿಯಿಲ್ಲ, ಹಾಗಾಗಿ ನೋಡಿದವರಿಲ್ಲ. ಆದರೆ ಕ್ಯಾಲೆಂಡರಿನಲ್ಲಿ ಪೆನ್ಸಿಲಿನ ಲೆಕ್ಕ ತಪ್ಪಲಿಲ್ಲ: ಹನ್ನೆರಡು ಸುತ್ತು, ಹದಿನಾಲ್ಕು ಸುತ್ತು. ತೂಕ ಎಪ್ಪತ್ತೈದಕ್ಕೆ ಬಂತು. ಅಲ್ಲಿಗೆ ನಿಂತುಬಿಟ್ಟಿತು. ಮೂರು ವಾರದಿಂದ ಮುಳ್ಳು ಕೂದಲೆಳೆಯಷ್ಟೂ ಕದಲಿರಲಿಲ್ಲ. ಉಳಿದಿದ್ದದ್ದು ಒಂದು ತಿಂಗಳು.

ಈಗ ಈ ನುಣುಪು ಕಾಲುಚೀಲ. ನಡೆದಿದ್ದರೆ ತಾನೇ ಮುಳ್ಳು ಕದಲುವುದು ಎಂದುಕೊಂಡಳು ಸೊಸೆ.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದಳು. ಮುಖ ಊರಗಲ.

"ಸಾಕ್ಸ್ ನೋಡಿದ್ರಾ ನಿಮ್ಮ ಭೂತಗನ್ನಡಿ? ಏನಂದ್ರು?"

"ಹೊಸದರ ಹಾಗೇ ಇದೆ ಅಂದ್ರು."

"ಅನ್ನಲೇಬೇಕು!" ಅತ್ತೆ ಕೈ ತಟ್ಟಿದಳು.

ಸೊಸೆಯ ತಾಳ್ಮೆಯ ಕಟ್ಟೆ ಒಡೆಯಿತು. ಆದರೂ ದನಿ ಏರಲಿಲ್ಲ. ಒಳಗೆ ಗಂಡ ಮಲಗಿದ್ದ.

"ಅತ್ತೆ, ನಿಮಗೆ ಆಗದಿದ್ರೆ ಆಗಲ್ಲ ಅಂತ ಹೇಳಿಬಿಡಿ. ಯಾರೂ ಏನೂ ಅನ್ನಲ್ಲ. ಕ್ಯಾಲೆಂಡರ್‌ನಲ್ಲಿ ಸುಮ್ನೆ ಯಾಕೆ ಬರೀತೀರಿ?"

ಅತ್ತೆಗೆ ತಕ್ಷಣ ಅರ್ಥವಾಗಲಿಲ್ಲ. ಆದಾಗ ಮುಖ ಇಷ್ಟೇ ಇಷ್ಟಾಯಿತು. ಕುರ್ಚಿ ಹಿಡಿದು ಕೂತಳು.

"ನಾನು ನಡೆದಿಲ್ಲ ಅಂತೀಯಾ?"

"ನಡೆದ ಸಾಕ್ಸ್ ಹಾಗಿರಲ್ಲ ಅತ್ತೆ. ನನ್ನ ಕೆಲಸಾನೇ ಅದು."

"ನನ್ನ ಕೆಲಸ ಏನಿತ್ತು, ಮರೆತೆಯಾ?"

ಮೂವತ್ತು ವರ್ಷ ಅತ್ತೆ ಒಂದು ಲಾಂಡ್ರಿಯ ಹಿಂಬದಿಯಲ್ಲಿ ಕೂತು ರಫೂ ಮಾಡಿದವಳು. ಹರಿದ ಕೋಟು, ಸುಟ್ಟ ಷರಟು, ಇಲಿ ಕಡಿದ ಶಾಲು. ಹೊಲಿದ ಜಾಗ ಯಾವುದೆಂದು ಕೊಟ್ಟವರೇ ಹುಡುಕಬೇಕು, ಅಂಥ ಕೈ. ಅವಳು ಎದ್ದು ಹೊಲಿಗೆ ಡಬ್ಬಿ ತಂದಳು. ಅದರೊಳಗಿಂದ ಒಂದು ಬೆಂಕಿಪೊಟ್ಟಣ ತೆಗೆದು ಸೊಸೆಯ ಅಂಗೈ ಮೇಲೆ ಇಟ್ಟಳು.

"ಪರರ ಬಟ್ಟೆ. ತಂದ ಹಾಗೆ ವಾಪಸ್ ಕೊಡಬೇಡ್ವಾ? ದರಿದ್ರ ನೂಲು ಕಣೇ ಅದು, ನಾಲ್ಕು ಸುತ್ತಿಗೇ ಗುಂಜು ಏಳುತ್ತೆ. ಅತ್ತೆ ಹಾಳು ಮಾಡಿದಳು ಅಂತ ನಿನ್ನನ್ನ ಬೈದಾರು ಅಂತ ದಿನಾ ಸಂಜೆ ಒಗೆದು, ಒಣಗಿಸಿ, ಕತ್ತರೀಲಿ ಒಂದೊಂದೇ ತೆಗೆದೆ."

ಪೊಟ್ಟಣ ತೆರೆದರೆ ಬೂದು ಬಣ್ಣದ ಗುಂಜು. ಒತ್ತಿ ಒತ್ತಿ ತುಂಬಿದ್ದು, ಬೆರಳು ತಾಗಿದೊಡನೆ ಉಸಿರೆಳೆದುಕೊಂಡಂತೆ ಉಬ್ಬಿತು.

"ಇದನ್ನ ಯಾಕೆ ಇಟ್ಕೊಂಡ್ರಿ?"

"ತೂತು ಬಿದ್ರೆ ಮುಚ್ಚೋಕೆ ಅದೇ ಬಣ್ಣ ಬೇಕಲ್ಲ."

ಸೊಸೆ ಪೊಟ್ಟಣವನ್ನು ಮೆಲ್ಲಗೆ ಮುಚ್ಚಿದಳು. ಅತ್ತೆ ಹೊಲಿಗೆ ಡಬ್ಬಿ ಎತ್ತಿಟ್ಟಳು. "ತಟ್ಟೆ ಹಾಕ್ತೀನಿ, ಕೈ ತೊಳ್ಕೋ," ಎಂದು ಒಳಗೆ ಹೋದಳು. ಗೋಡೆ ಹಿಡಿಯದೆ, ಕಾಲೆಳೆಯದೆ ನಡೆದು ಹೋದಳು. ಮೂರು ತಿಂಗಳ ಹಿಂದೆ ಅದೇ ಹೊಸ್ತಿಲಿಗೆ ಬಾಗಿಲ ಚೌಕಟ್ಟು ಹಿಡಿಯುತ್ತಿದ್ದವಳು. ದಿನವೂ ಮುಳ್ಳನ್ನೇ ನೋಡುತ್ತಿದ್ದ ಸೊಸೆ ಆ ನಡಿಗೆಯನ್ನು ನೋಡಿದ್ದು ಅಂದೇ.

ಮರುದಿನ ಅವಳು ಪರೀಕ್ಷಾ ಕೋಣೆಯ ಸೂಕ್ಷ್ಮ ತಕ್ಕಡಿಯ ಗಾಜಿನ ಬಾಗಿಲು ಸರಿಸಿ ಆ ಜೋಡಿಯನ್ನು ಇಟ್ಟಳು. ಮನೆಗೆ ಒಯ್ದಾಗ ನಲವತ್ತಾರು ಗ್ರಾಂ ಇದ್ದದ್ದು ಈಗ ನಲವತ್ತೈದೂ ಇರಲಿಲ್ಲ. ಬಳಿಕ ಪೊಟ್ಟಣದ ಗುಂಜನ್ನು ಬಿಳಿ ಕಾಗದದ ಮೇಲೆ ಸುರಿದು ತೂಗಿದಳು. ಮುಕ್ಕಾಲು ಗ್ರಾಂ.

ಭೂತಗನ್ನಡಿ ಬಹಳ ಹೊತ್ತು ಬಗ್ಗಿ ನೋಡಿದಳು. ಕಾಲುಚೀಲವನ್ನು ದೀಪಕ್ಕೆ ಅಡ್ಡ ಹಿಡಿದಳು. ಹಿಮ್ಮಡಿಯಲ್ಲಿ ಬಟ್ಟೆ ಸವೆದು ಬೆಳಕು ಜರಡಿಯಂತೆ ತೂರಿ ಬಂತು.

"ಅಂಚೆಯವನ ಜೋಡೀಲೂ ಇಷ್ಟು ಸವೆತ ಇಲ್ವಲ್ಲೇ!" ಎಂದಳು. ಆಮೇಲೆ, "ಪರೀಕ್ಷೆ ಕೆಟ್ಟುಹೋಯ್ತು. ಗುಂಜು ಕಿತ್ತ ಮೇಲೆ ಅಂಕ ಕೊಡೋ ಹಾಗಿಲ್ಲ. ಹೊಡೆದುಹಾಕು."

ಸೊಸೆ ನಾಲ್ಕೂವರೆಯನ್ನು ಹೊಡೆದುಹಾಕಿದಳು.

"ಇನ್ನೊಂದು ಜೋಡಿ ತಗೊಂಡು ಹೋಗು. ಪರೀಕ್ಷೆಗಲ್ಲ. ನನ್ನ ಲೆಕ್ಕದಲ್ಲಿ."

ಆ ತಿಂಗಳೆಲ್ಲ ಸೊಸೆ ಮನೆಯ ತೂಕದ ಯಂತ್ರವನ್ನು ಕಪಾಟಿನ ಮೇಲೆ ಎತ್ತಿಟ್ಟಳು. ಸಂಜೆ ಕಾಲುಚೀಲ ರಫೂ ಮಾಡಲು ಸೂಜಿಗೆ ದಾರ ಪೋಣಿಸಿ ಕೊಟ್ಟಳು. ಅತ್ತೆ ಬರೆಯುತ್ತಿದ್ದ ಲೆಕ್ಕ ಹದಿನಾರು ಸುತ್ತಿಗೆ ಏರಿತು.

ಡಾಕ್ಟರರ ಕೋಣೆಯಲ್ಲಿ ಅತ್ತೆ ಚಪ್ಪಲಿ ಬಿಟ್ಟಳು, ಕನ್ನಡಕ ತೆಗೆದಳು, ಕೊನೆಗೆ ಕಾಲುಚೀಲಗಳನ್ನೂ ಕಳಚಿ ಸೊಸೆಯ ಕೈಗೆ ಕೊಟ್ಟಳು.

"ಅದೂ ತೂಗುತ್ತಾ ಅಮ್ಮಾ?" ಎಂದು ಮಗ ಬೆಂಚಿನಿಂದ ನಕ್ಕ.

"ನಿನಗೇನೋ ಗೊತ್ತು? ನಿನ್ನ ಹೆಂಡತೀನ ಕೇಳು."

ಸೊಸೆ ಮುಳ್ಳಿನತ್ತ ನೋಡಲಿಲ್ಲ. ಅತ್ತೆಯ ಪಾದ ನೋಡುತ್ತಿದ್ದಳು. ಹಿಮ್ಮಡಿಯ ಒಡಕುಗಳಿಗೆ ಮುಲಾಮು ಮೆತ್ತಿತ್ತು. ಹೆಬ್ಬೆರಳ ಉಗುರು ಕಪ್ಪಾಗಿತ್ತು.

ಡಾಕ್ಟರು ಓದಿದರು. ಬಗ್ಗಿ ಇನ್ನೊಮ್ಮೆ ಓದಿದರು. "ಎಪ್ಪತ್ತೊಂದು ಮುಕ್ಕಾಲು," ಎಂದು ಬರೆದುಕೊಂಡು, ದಿನಾಂಕ ಹುಡುಕಲು ಡೈರಿ ತೆರೆದರು.

ಅತ್ತೆ ಸ್ಟೂಲಿನ ಮೇಲೆ ಕೂತು ಕಾಲುಚೀಲ ಏರಿಸಿಕೊಂಡಳು. ಹೆಬ್ಬೆರಳ ಮೇಲೊಂದು ಗುಂಜು ಕಂಡಿತು. ಉಗುರಿನಿಂದ ಬಿಡಿಸಿ, ಎಲ್ಲಿ ಹಾಕುವುದೆಂದು ಅತ್ತಿತ್ತ ನೋಡಿದಳು. ಸೊಸೆ ಕೈಚೀಲದಿಂದ ಬೆಂಕಿಪೊಟ್ಟಣ ತೆಗೆದು, ಹೆಬ್ಬೆರಳಿಂದ ನೂಕಿ ತೆರೆದು, ಮುಂದೆ ಹಿಡಿದಳು.